ಹಳೇ ಆಯಿಲ್ ಎಲ್ಲಿಗೆ ಹೋಯ್ತು?

ನಿನ್ನೆ ಸಕಲೇಶಪುರಕ್ಕೆ ಜೀಪಿನ ಆಯಿಲ್ ಬದಲಾಯಿಸೋಕೆ ಹೋದವನು ಜಗಳ ಮಾಡ್ಕೊಂಡು ಬಂದೆ. ನನ್ನ ಬಾಯಿ ಗೊತ್ತಿರೋರಿಗೆ ಇದೇನು ಹೊಸ ಸುದ್ದಿ ಅಲ್ಲ.

ಗ್ಯಾರೇಜ್ ಹುಡುಗ ಅಡಿಗೆ ಮಲಗಿ ಡ್ರೈನ್ ನಟ್ ಬಿಚ್ಚಿದ. ಕೊಯ್ದ ಕ್ಯಾನಿಗೆ ಐದು ಲೀಟರ್ ಚಿಲ್ಲರೆ ಕರೀ ಆಯಿಲ್, ಮೊದಲು ಧಾರೆಯಾಗಿ, ಆಮೇಲೆ ದಾರದೆಳೆಯಾಗಿ, ಕೊನೆಗೆ ತೊಟ್ಟು ತೊಟ್ಟಾಗಿ ಇಳೀತು. ಹೊರಗೆ ಜಡಿಮಳೆ. ಹುಡುಗ ಕ್ಯಾನ್ ಎತ್ಕೊಂಡು ಹೋಗಿ ಮುಸುರೆ ಚೆಲ್ಲೋ ಹಾಗೆ ಚರಂಡಿಗೆ ಬಗ್ಗಿಸಿದ. ನಾನು ಕೂಗೋ ಹೊತ್ತಿಗೆ ಅರ್ಧ ಹೋಗಿತ್ತು. ಚರಂಡಿ ತುಂಬ ನವಿಲುಗರಿ ಬಣ್ಣ.

"ಮಳೇಲಿ ಕೊಚ್ಕೊಂಡು ಹೋಗುತ್ತೆ ಬಿಡಿ ಮಾರಾಯ್ರೆ" ಅಂದ್ರು ಓನರ್ರು.

ಎಲ್ಲಿಗೆ ಹೋಗುತ್ತೆ ಸ್ವಾಮಿ? ಹೇಮಾವತಿಗೆ. ಅಲ್ಲಿಂದ ಗೊರೂರಿಗೆ, ಗೊರೂರಿಂದ ಕೆಆರ್‌ಎಸ್‌ಗೆ. ಬೆಂಗಳೂರಲ್ಲಿರೋ ನನ್ನ ತಮ್ಮ 'ನಮ್ದು ಕಾವೇರಿ ಕನೆಕ್ಷನ್' ಅಂತ ಜಂಬ ಕೊಚ್ಕೋತಾನಲ್ಲ, ಅವನಿಗೆ ಊರಿನ ಪ್ರಸಾದ ಹೀಗೆ ಮುಟ್ಟುತ್ತೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಐದೇ ನಿಮಿಷದ ಹಿಂದೆ ಇದೇ ಕೌಂಟರಲ್ಲಿ ನಿಂತು ಹೊಸ ಆಯಿಲ್ಲಿನ ಜಾತಕ ಜಾಲಾಡಿದ್ದೆ. ಗ್ರೇಡು 15ಡಬ್ಲ್ಯೂ40 ಹೌದಾ, ಸೀಲ್ ಸರಿ ಇದೆಯಾ, ಹತ್ತು ರೂಪಾಯಿ ಬಿಡಲ್ವಾ. ಹಳೇದು ಎಲ್ಲಿಗೆ ಹೋಗುತ್ತೆ ಅಂತ ಮೂವತ್ತು ವರ್ಷದಲ್ಲಿ ಒಂದ್ಸಲವೂ ಕೇಳಿಲ್ಲ.

ಆಯಿಲ್ ಸವೆದು ಹೋಗೋ ವಸ್ತು ಅಲ್ಲ. ಅದಕ್ಕೆ ಬೆರೆಸಿದ ರಾಸಾಯನಿಕಗಳ ಕಸುವು ಹೋಗುತ್ತೆ, ಮಸಿ, ಲೋಹದ ಪುಡಿ, ನೀರು, ಡೀಸೆಲ್ ಸೇರಿ ಗಲೀಜಾಗುತ್ತೆ, ಅಷ್ಟೇ. ಕಾಯಿಸಿ ನೀರು, ಡೀಸೆಲ್ ಹಾರಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿ ಶುದ್ಧ ಮಾಡಿದ್ರೆ ಮತ್ತೆ ಮೂಲ ಎಣ್ಣೆ ಸಿಗುತ್ತೆ. ಸುಮಾರು ಎರಡೂವರೆ ಲೀಟರ್ ಲೂಬ್ರಿಕೆಂಟ್ ತೆಗೆಯೋಕೆ ಕಚ್ಚಾತೈಲ ಆದ್ರೆ 159 ಲೀಟರ್ ಬೇಕು, ಹಳೇ ಆಯಿಲ್ ಆದ್ರೆ ನಾಲ್ಕು ಲೀಟರ್ ಸಾಕು ಅಂತ ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕ. ಅಂದ್ರೆ ನನ್ನ ಜೀಪಿಂದು ಚರಂಡಿ ಸೇರಿದ್ದು ಕಸ ಅಲ್ಲ, ಮಾಲು!

'ತಾತನ ಕಾಲದಿಂದ ಬೇಲಿ ಕಂಬಕ್ಕೆ ಹಚ್ತಿದೀವಿ, ಗೆದ್ದಲಿಗೆ ಒಳ್ಳೇದು' ಅಂತ ಯಾರಾದ್ರೂ ಕಾಮೆಂಟ್ ಹಾಕೇ ಹಾಕ್ತೀರಿ. ಯಾವ ತಾತ? ನನ್ನ ತಾತನ ಹತ್ರ ಇದ್ದದ್ದು ಎತ್ತಿನಗಾಡಿ, ಅದರ ಕೀಲಿಗೆ ಹರಳೆಣ್ಣೆ. ಗುಜರಿಯವನು ಬ್ಯಾರಲ್ ಲೆಕ್ಕದಲ್ಲಿ ಒಯ್ತಾನಲ್ಲ ಅಂತೀರಾ? ಒಯ್ದು ಯಾವ ಭಟ್ಟಿಗೆ ಉರಿಸೋಕೆ ಸುರೀತಾನೆ, ಕೇಳಿದೀರಾ? ಸಿಕ್ಕಸಿಕ್ಕೋರಿಗೆ ಕೊಡಬಾರದು, ಪರವಾನಗಿ ಇರೋ ಮರುಬಳಕೆದಾರರಿಗೇ ಕೊಡಬೇಕು ಅಂತ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇದೆ. ಆಯಿಲ್ ಕಂಪನಿಗಳೇ ಮರುಬಳಕೆಯ ಹೊಣೆ ಹೊರಬೇಕು ಅನ್ನೋದೂ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಹೊಣೆ ಇನ್ನೂ ನಮ್ಮ ಘಾಟಿ ಹತ್ತಿದ ಹಾಗೆ ಕಾಣೆ.

ಸರಿ, ನಾನೇನು ಸಾಚಾ ಅಲ್ಲ. ಹೋದ ಬೇಸಿಗೇಲಿ ಹಳ್ಳದ ಪಕ್ಕದ ಬೇಲಿಗೆ ನಲವತ್ತು ಕಂಬ ನೆಡಿಸಿದೆ. ಬುಡಕ್ಕೆಲ್ಲ ಟಿಲ್ಲರಿನ ಹಳೇ ಆಯಿಲ್ ಬಳಿಸಿದ್ದು ನಾನೇ, ಪಕ್ಕದಲ್ಲಿ ನಿಂತು, 'ಇನ್ನೂ ದಪ್ಪ ಹಚ್ಚೋ' ಅಂತ. ಮೊದಲ ಮಳೆಗೆ ಹಳ್ಳದ ನೀರಲ್ಲಿ ಇದೇ ನವಿಲುಗರಿ ಕಂಡಿತ್ತು. ಕಂಡೂ ಕಾಣದ ಹಾಗೆ ಕಾಫಿ ಕುಡಿಯೋಕೆ ಮನೆಗೆ ಬಂದಿದ್ದೆ. ನಿನ್ನೆ ಆ ಹುಡುಗನ ಮೇಲೆ ಅಷ್ಟು ಜೋರಾಗಿ ರೇಗಿದ್ದು ಅದಕ್ಕೇ ಇರಬೇಕು.

ಉಳಿದ ಅರ್ಧ ಕ್ಯಾನ್ ಹಠಕ್ಕೆ ಬಿದ್ದು ಮನೆಗೆ ತಂದಿದೀನಿ. ಜಗಲಿ ಮೇಲೆ ಕೂತಿದೆ. 'ಇದನ್ನ ಯಾವ ಮ್ಯೂಸಿಯಮ್ಮಿಗೆ ಇಡ್ತೀರಿ' ಅಂತ ಮನೆಯವಳು ಬೆಳಗ್ಗೆಯಿಂದ ಮೂರು ಸಲ ಕೇಳಿದಾಳೆ. ಹಾಸನ, ಚಿಕ್ಕಮಗಳೂರು ಕಡೆ ಎರಡು-ಮೂರು ಲೀಟರನ್ನೂ ಸರಿಯಾಗಿ ತಗೊಳ್ಳೋರು ಯಾರಾದ್ರೂ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಬೇಲಿಗೆ ಹಚ್ಚಿ ಅನ್ನೋರು ಬರಬೇಡಿ.