ಏನೂ ಮಾಡಲ್ಲ, ಬನ್ನಿ ಸಾರ್

ಬೆಂಗಳೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೊರಟವರಿಗೆ ಸಿಗುವ ದಿನದ ಮೊದಲ ಆಶ್ವಾಸನೆ ಇದು. ಆ ಹೊತ್ತಿಗೆ ನಾಯಿ ನಿಮ್ಮ ಮಂಡಿ ಮುಟ್ಟಿರುತ್ತದೆ. ಮಾಲೀಕರು ಹದಿನೈದು ಅಡಿ ಹಿಂದೆ ಮೊಬೈಲ್ ಕಿವಿಗಿಟ್ಟುಕೊಂಡು ಬರುತ್ತಿರುತ್ತಾರೆ. ನಡುವೆ, ಎಳೆದಷ್ಟೂ ಉದ್ದವಾಗುವ ಆ ಹೊಸ ಮಾದರಿಯ ಹಗ್ಗ. "ಏನೂ ಮಾಡಲ್ಲ, ಬನ್ನಿ ಸಾರ್. ಸುಮ್ನೆ ಮೂಸಿ ನೋಡ್ತಾನೆ ಅಷ್ಟೇ."

ಮೂಸಿಸಿಕೊಳ್ಳಲು ನಮಗೆ ಇಷ್ಟ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಹೆದರಿ ಪಕ್ಕಕ್ಕೆ ಸರಿದರೆ ಎರಡನೇ ಮಾತು ಬರುತ್ತದೆ: "ನೀವು ಹೆದರಿದ್ರೆ ಅವನಿಗೆ ಗೊತ್ತಾಗುತ್ತೆ." ಅಂದರೆ ಮುಂದೆ ಏನಾದರೂ ಆದರೆ ತಪ್ಪು ನಮ್ಮದು. ಹಲ್ಲು ಊರಿದ ಮೇಲೆ ಮೂರನೆಯದು: "ಇಲ್ಲಿವರೆಗೂ ಯಾರಿಗೂ ಏನೂ ಮಾಡಿರ್ಲಿಲ್ಲ ಸಾರ್, ಇವತ್ತು ಯಾಕೋ..." ಚುನಾವಣೆಯ ಆಶ್ವಾಸನೆ ಸುಳ್ಳು ಅಂತ ಗೊತ್ತಾಗಲು ಐದು ವರ್ಷವಾದರೂ ಬೇಕು. ಇದಕ್ಕೆ ಐದು ಸೆಕೆಂಡ್ ಸಾಕು.

ಈ ಪ್ರೀತಿಯ ಪ್ರಪಂಚದಲ್ಲಿ ನನಗೂ ಒಂದು ಸ್ಥಾನ ಸಿಕ್ಕಿದೆ. ನಮ್ಮ ರಸ್ತೆಯ ಒಂದು ಪಗ್‌ಗೆ, ಕೊನೆಯ ಮನೆಯ ಲ್ಯಾಬ್ರಡಾರ್‌ಗೆ ನಾನು ಅಂಕಲ್. "ಅಂಕಲ್‌ಗೆ ಹಾಯ್ ಹೇಳು ಬೇಬಿ" ಅಂತಾರೆ. ಹಾಗೆ ಹೇಳಿಸುವವರು ಮಾತ್ರ ಲಿಫ್ಟಿನಲ್ಲಿ ಎದುರು ಸಿಕ್ಕರೆ ಹಾಯ್ ಅನ್ನುವುದಿಲ್ಲ, ಮಹಡಿಯ ನಂಬರ್ ಓದುತ್ತಾ ನಿಲ್ಲುತ್ತಾರೆ. ಸಂಸ್ಕಾರ ಕಲಿಸುವುದೆಲ್ಲ ನಾಯಿಗೇ. ಅದೂ ಇಂಗ್ಲಿಷಿನಲ್ಲಿ. ಮನೆಯೊಳಗೆ ಶುದ್ಧ ಹಾಸನದ ಕನ್ನಡ ಮಾತಾಡುವವರೂ ಬೀದಿಗೆ ಬಂದ ಕೂಡಲೇ "ನೋ ಬ್ರೂನೋ, ಡೋಂಟ್ ಡೂ ದಟ್" ಶುರು ಮಾಡುತ್ತಾರೆ. ಊರಿಂದ ಬಂದ ಅವರಮ್ಮ ಮೊನ್ನೆ ಅದಕ್ಕೆ "ಹಚಾ" ಅಂದರು. ಬ್ರೂನೋಗೆ ಏನೂ ಅರ್ಥವಾಗಲಿಲ್ಲ. ಆಚೆ ಬದಿ ಮಲಗಿದ್ದ ಬೀದಿನಾಯಿ ಎದ್ದು ಹೋಯಿತು, ಪಾಪ.

ನಾಯಿ ಹಿಡಿದು ಹೊರಟರೆ ಇಡೀ ಊರು ದಾರಿ ಬಿಡಬೇಕು ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. 2022ರ ಮೇ ತಿಂಗಳ ದೆಹಲಿ ಕಥೆ ನಿಮಗೆ ಗೊತ್ತೇ ಇದೆ. ತ್ಯಾಗರಾಜ್ ಕ್ರೀಡಾಂಗಣ, ಸಂಜೆ ಬೇಗ ಮನೆಗೆ ಹೋಗಿ ಅನ್ನಿಸಿಕೊಂಡ ಅಥ್ಲೀಟ್‌ಗಳು, ಖಾಲಿ ಟ್ರ್ಯಾಕ್ ಮೇಲೆ ಐಎಎಸ್ ಅಧಿಕಾರಿಯ ನಾಯಿ. ತಾವು ಯಾರನ್ನೂ ಹೊರಗೆ ಕಳಿಸಿಲ್ಲ ಅಂದರು ಅಧಿಕಾರಿ. ಆದರೂ ವರ್ಗಾವಣೆ ತಪ್ಪಲಿಲ್ಲ. ಅವರು ಲಡಾಖ್‌ಗೆ, ಐಎಎಸ್ ಅಧಿಕಾರಿಯೇ ಆಗಿದ್ದ ಪತ್ನಿ ಅರುಣಾಚಲಕ್ಕೆ. ನಾಯಿ ಯಾರ ಜೊತೆ ಹೋಯಿತು ಅಂತ ಇಡೀ ದೇಶ ತಲೆ ಕೆಡಿಸಿಕೊಂಡಿತು. ಓಡುವುದನ್ನು ನಿಲ್ಲಿಸಿ ಮನೆಗೆ ಹೋದ ಹುಡುಗರ ಬಗ್ಗೆ ಅಷ್ಟು ಜೋಕ್ ಹುಟ್ಟಲಿಲ್ಲ.

ನಮ್ಮ ಬೆಂಗಳೂರು ಇನ್ನೂ ಮುಂದೆ ಹೋಯಿತು. 2025ರಲ್ಲಿ ಇಲ್ಲಿ ಒಬ್ಬರು 50 ಕೋಟಿ ಕೊಟ್ಟು ತೋಳದ ತಳಿಯ ನಾಯಿ ತಂದಿದ್ದಾರೆ ಅಂತ ವಿದೇಶದ ಪತ್ರಿಕೆಗಳಲ್ಲೂ ಬಂತು. ಸುದ್ದಿ ಓದಿದ ಇ.ಡಿ. ಅಧಿಕಾರಿಗಳು ಮನೆಗೇ ಹೋದರು. ಅಂಥ ವ್ಯವಹಾರವೇ ನಡೆದಿಲ್ಲ ಅಂತ ಆಮೇಲೆ ವರದಿ ಬಂತು. ನಾಯಿಯ ಬೆಲೆ ಜಾಸ್ತಿ ಹೇಳಿದ್ದಕ್ಕೆ ಇ.ಡಿ. ಬರುತ್ತದೆ. ಅದರ ಗಲೀಜು ಎತ್ತದಿದ್ದರೂ ಬರುವ ಹಾಗಿದ್ದರೆ ನಮ್ಮ ಬಡಾವಣೆಯಲ್ಲೇ ಅವರೊಂದು ಶಾಖೆ ತೆರೆಯಬೇಕಾಗುತ್ತಿತ್ತು.

ನಾಯಿಗಳ ನಡವಳಿಕೆ ನೋಡಿದರೆ ನಿಜಕ್ಕೂ ಮೆಚ್ಚಬೇಕು. ಬಿಟ್ಟರೆ ಎರಡು ನಾಯಿ ಮುಖಕ್ಕೆ ಮುಖ ಕೊಟ್ಟು ನೇರವಾಗಿ ಬರುವುದು ಕಡಿಮೆ. ಸ್ವಲ್ಪ ಬಳಸಿಕೊಂಡು ಬರುತ್ತವೆ, ಪಕ್ಕದಿಂದ ಮೂಸುತ್ತವೆ, ಬೇಡ ಅನ್ನಿಸಿದರೆ ಮುಖ ತಿರುಗಿಸಿ ಹೋಗುತ್ತವೆ. ಇಷ್ಟು ಸಭ್ಯತೆ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೂ ಇಲ್ಲ. ಆದರೆ ಮಾಲೀಕರು ಬಿಡಬೇಕಲ್ಲ! "ಹೋಗು, ಫ್ರೆಂಡ್ ಮಾಡ್ಕೋ" ಅಂತ ಹಗ್ಗ ಬಿಗಿ ಹಿಡಿದು ಎದುರಿಗೆ ನಿಲ್ಲಿಸುತ್ತಾರೆ. ಹಿಂದೆ ಸರಿಯಲು ಜಾಗ ಇಲ್ಲ, ಹಗ್ಗ ಎಳೆಯುತ್ತಿದೆ, ಎದುರಿನವನು ಗುರುಗುಟ್ಟುತ್ತಿದ್ದಾನೆ. ನಾಯಿ ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ. ಸಾಕಪ್ಪ ಅಂತ ಹೇಳುವ ರೀತಿ ಅದು. "ಬಾಲ ಅಲ್ಲಾಡಿಸ್ತಿದೆ ನೋಡಿ, ಖುಷಿಯಾಗಿದೆ" ಅನ್ನುವಷ್ಟರಲ್ಲಿ ಎರಡೂ ಒಂದರ ಮೇಲೊಂದು ಬಿದ್ದಿರುತ್ತವೆ. ಆಮೇಲೆ ಇಬ್ಬರು ಮಾಲೀಕರು ಎರಡು ಹಗ್ಗದ ಗಂಟಿನೊಳಗೆ ನಿಂತು, ನಿಮ್ಮ ನಾಯಿದೇ ತಪ್ಪು ಅಂತ ಇಂಗ್ಲಿಷಿನಲ್ಲಿ ಬೊಗಳಿಕೊಳ್ಳುತ್ತಾರೆ. "ಹತ್ತಿರ ಕರ್ಕೊಂಡು ಬರ್ಲಾ?" ಅಂತ ದೂರದಿಂದಲೇ ಒಂದು ಸಲ ಕೇಳಿದ್ದರೆ ಸಾಕಿತ್ತು, ಅಲ್ವಾ?

ಬೀದಿನಾಯಿಗಳದ್ದು ಇನ್ನೂ ಶಿಸ್ತು. ಬ್ರೂನೋ ಬಂದರೆ ಮೂರನೇ ಕ್ರಾಸಿನ ನಾಯಿಗಳು ಬೊಗಳುತ್ತಾ ತಮ್ಮ ಗಡಿಯವರೆಗೆ ಕಳಿಸಿಕೊಡುತ್ತವೆ. ಅಲ್ಲಿಂದ ನಾಲ್ಕನೇ ಕ್ರಾಸಿನವು ವಹಿಸಿಕೊಳ್ಳುತ್ತವೆ. ಥೇಟ್ ಪೊಲೀಸ್ ಠಾಣೆಯ ಲಿಮಿಟ್ಸ್ ಇದ್ದ ಹಾಗೆ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಒಡೆದು ಐದು ಆಯಿತಲ್ಲ, ನಮ್ಮ ಮೋರಿ ಯಾವ ಪಾಲಿಕೆಗೆ ಸೇರಿದ್ದು ಅಂತ ನನಗೆ ಇನ್ನೂ ತಲೆಬುಡ ತಿಳಿದಿಲ್ಲ. ನಾಯಿಗಳಿಗೆ ಯಾವ ಗೊಂದಲವೂ ಇಲ್ಲ. ಅದೇ ವರ್ಷ ಹಳೆಯ ಪಾಲಿಕೆ ಇವುಗಳಿಗೆ ಚಿಕನ್ ರೈಸ್ ಹಾಕಲು 2.88 ಕೋಟಿಯ ಟೆಂಡರ್ ಕರೆದಾಗ ಊರೆಲ್ಲ ನಕ್ಕಿತು. ನಮ್ಮ ಮೂರನೇ ಕ್ರಾಸಿನ ಸಿಬ್ಬಂದಿಗೆ ಇದುವರೆಗೂ ಪಾರ್ಲೆ-ಜಿ ಮಾತ್ರ ಬಂದಿದೆ.

ಈಗ ಗಲೀಜಿನ ವಿಷಯ. ಮನೆ ಮುಂದೆ ನೀಲಿ ನೀರು ತುಂಬಿದ ಬಾಟಲಿ ಸಾಲಾಗಿ ಇಟ್ಟಿರುವುದನ್ನು ನೋಡಿರುತ್ತೀರಿ. ನಾಯಿ ಬರಬಾರದು ಅಂತ. ಬರುತ್ತದೆ. ಬಂದು ಬಾಟಲಿಯ ಮೇಲೇ ಕಾಲೆತ್ತುತ್ತದೆ. ಎದುರು ಮನೆಯವರು ನೆಲ ತೊಳೆದು ಚುಕ್ಕಿ ಇಟ್ಟು ರಂಗೋಲಿ ಹಾಕಿ ಒಳಗೆ ಹೋಗಿರುತ್ತಾರೆ. ಬ್ರೂನೋ ಅದೇ ಚುಕ್ಕಿಗಳ ಮಧ್ಯೆ ಕೂತು ಕೆಲಸ ಮುಗಿಸುತ್ತಾನೆ. ಮಾಲೀಕರು ಆ ಹೊತ್ತಿಗೆ ಸರಿಯಾಗಿ ಆಕಾಶ ನೋಡುತ್ತಾರೆ. ಹಗ್ಗದ ಹಿಡಿಗೆ ಚಿಕ್ಕ ಡಬ್ಬಿ ನೇತಾಡುತ್ತಿದೆ, ಅದರೊಳಗೆ ಕವರ್‌ಗಳ ಸುರುಳಿ ಇದೆ. ಆದರೆ ಅದು ಹಗ್ಗದ ಒಡವೆ, ಬಳಸುವುದಕ್ಕಲ್ಲ. ಕೆಲವರು ಎತ್ತುತ್ತಾರೆ, ಸುಳ್ಳು ಹೇಳಬಾರದು. ಎತ್ತಿ, ಚೆಂದವಾಗಿ ಗಂಟು ಹಾಕಿ, ಪಾರ್ಕಿನ ಬೇಲಿಗೆ ಸಿಕ್ಕಿಸಿ ಹೋಗುತ್ತಾರೆ. ಮಣ್ಣಲ್ಲಿ ಕರಗುತ್ತಿದ್ದದ್ದಕ್ಕೆ ಪ್ಲಾಸ್ಟಿಕ್ ತೊಡಿಸಿ ವರ್ಷಗಟ್ಟಲೆ ಕಾಪಾಡಿದ ಪುಣ್ಯಾತ್ಮರು!

ಇಷ್ಟು ಹೊತ್ತು ನಗುತ್ತಾ ಬರೆದೆ. ಇದೊಂದಕ್ಕೆ ನಗು ಬರುವುದಿಲ್ಲ. ಅದೇ ಹೊತ್ತಿಗೆ ಪೌರಕಾರ್ಮಿಕರು ರಸ್ತೆ ಗುಡಿಸುತ್ತಿರುತ್ತಾರೆ. ಒಣಗಿದ ಎಲೆಯ ರಾಶಿಗೆ ಪೊರಕೆ ಹಾಕಿದರೆ ಅದರಡಿ ಇದು. ಪೊರಕೆಗೆ ಅಂಟುತ್ತದೆ, ಚಪ್ಪಲಿಗೆ ಅಂಟುತ್ತದೆ, ಎಷ್ಟೋ ದಿನ ಗ್ಲೌಸ್ ಇಲ್ಲದ ಕೈಗೂ ಅಂಟುತ್ತದೆ. ಹಗ್ಗ ಹಿಡಿದವರು ಪಕ್ಕಕ್ಕೆ ನಿಂತು "ಅಲ್ಲೂ ಒಂಚೂರಿದೆ ನೋಡಮ್ಮ" ಅನ್ನುವುದನ್ನು ಈ ಕಿವಿಯಲ್ಲೇ ಕೇಳಿದ್ದೇನೆ. ನಾಯಿಯ ಊಟಕ್ಕೆ, ಸ್ನಾನಕ್ಕೆ, ಹುಟ್ಟುಹಬ್ಬದ ಕೇಕಿಗೆ ಸಾವಿರಗಟ್ಟಲೆ ಖರ್ಚು ಮಾಡುವವರಿಗೆ ಬಗ್ಗಿ ಎತ್ತಲು ಸೊಂಟ ಇಲ್ಲ. ಇದಕ್ಕೆ ಪ್ರಾಣಿಪ್ರೀತಿ ಅಂತ ಹೆಸರು ಬೇರೆ. ನಾಚಿಕೆಯಾಗಬೇಕು.

ಕಾನೂನು ಇಲ್ಲವಾ? ಇದೆ. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದನ್ನು ಜಾರಿ ಮಾಡುವುದು ಕಷ್ಟ, ಪೂರ್ತಿ ನಿಷೇಧ ಘೋಷಿಸುವುದು ಸುಲಭ. 2022ರಲ್ಲಿ ತೋಟಗಾರಿಕೆ ಇಲಾಖೆ ಅದನ್ನೇ ಮಾಡಿತು. ಕಬ್ಬನ್ ಪಾರ್ಕಿನಲ್ಲಿ ಬೆಲ್ಟ್ ಬಿಚ್ಚಿ ಬಿಡುತ್ತಾರೆ, ಗಲೀಜು ಎತ್ತುವುದಿಲ್ಲ ಅಂತ ದೂರು ಬಂದವು. ಜುಲೈ 1ರಿಂದ ನಾಯಿಗಳಿಗೆ ಪ್ರವೇಶವೇ ಇಲ್ಲ ಅಂದರು. ಜನ ಬೀದಿಗಿಳಿದರು, ಇಲಾಖೆ ಹಿಂದೆ ಸರಿಯಿತು. ನಿಷೇಧ ಬಿದ್ದುಹೋದದ್ದು ಒಳ್ಳೆಯದೇ, ನಾಯಿ ಏನು ತಪ್ಪು ಮಾಡಿತ್ತು? ಬೆಲ್ಟ್ ಬಿಚ್ಚಿದ ಕೈ ಅದರದ್ದಲ್ಲ.

ನಮ್ಮ ಬಡಾವಣೆಯ ಸಂಘದವರೂ ಈಗ ಎಚ್ಚೆತ್ತು ಒಂದು ಬೋರ್ಡ್ ಬರೆಸಿದ್ದಾರೆ: "ನಾಯಿಗಳು ಇಲ್ಲಿ ಗಲೀಜು ಮಾಡಬಾರದು." ಇದನ್ನು ಓದಬೇಕಾದವರು ಮಾಲೀಕರಲ್ವಾ, ಅವರ ಹೆಸರೆತ್ತಿ ಬರೆಸಿ ಅಂದೆ. "ಬೇಡ ಸಾರ್, ಸುಮ್ನೆ ಮನಸ್ತಾಪ" ಅಂದರು ಕಾರ್ಯದರ್ಶಿಗಳು. "ನಮ್ಮನೇಲೂ ಎರಡಿದೆ."