ಯೂಟ್ಯೂಬ್‌ಗೆ ಏರಿಸಿದ್ದನ್ನು ಮರುಬಿಡುಗಡೆ ಅನ್ನಬೇಡಿ ಮಾರಾಯ್ರೆ

ಬಂದರಿನ ಗುಜರಿ ಅಂಗಡಿಯಲ್ಲಿ ಹಳೆಯ ಕೊಂಕಣಿ ಹಾಡಿನ ಗ್ರಾಮಫೋನ್ ಪ್ಲೇಟು ಸಿಗುತ್ತದೆ. ಉಡುಪಿಯ ಯಾರದೋ ಅಟ್ಟದಿಂದ ಯಕ್ಷಗಾನದ ಕ್ಯಾಸೆಟ್ ಇಳಿಯುತ್ತದೆ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ, "ಅಪರೂಪದ ಸಂಗ್ರಹ" ಎಂದು ಬರೆದು ಏರಿಸಿದರೆ ನಮ್ಮಲ್ಲಿ ಕೆಲಸ ಮುಗಿಯಿತು. ಸಂತೋಷವೇ. ಆದರೆ ಅದು ಮರುಬಿಡುಗಡೆ ಅಲ್ಲ.

ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರ್ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದ ಎಲ್‌ಪಿಯನ್ನು (ದೊಡ್ಡ ವಿನೈಲ್ ಪ್ಲೇಟು) ಆಗ ಕೇಳಿದವರು ಕಡಿಮೆ. 2010ರಲ್ಲಿ ನೆದರ್ಲೆಂಡ್ಸ್‌ನ ಪುಟ್ಟ ಪ್ಲೇಟು ಕಂಪನಿಯೊಂದು ಅದನ್ನು ಮತ್ತೆ ಹೊರತಂದಿತು. ಮುಂಬೈಯಲ್ಲಿದ್ದ ಸಿಂಗ್ ಅವರನ್ನೂ ಹುಡುಕಿ ಮಾತಾಡಿಸಿತ್ತು. ಎಪ್ಪತ್ತು ದಾಟಿದ ಮೇಲೆ ಅವರು ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. ಜಾಝ್, ಫಂಕ್ ಪ್ಲೇಟು ಹುಡುಕುವವರಿಂದ ನಾವು ಕಲಿಯಬೇಕಾದದ್ದು ಇದನ್ನು: ಪ್ಲೇಟು ಸಿಕ್ಕರೆ ಅರ್ಧ ಕೆಲಸ, ನುಡಿಸಿದವರು ಸಿಗಬೇಕು.

ಮೊದಲು ಕೊಳೆ ತೆಗೆಯುವ ವಿಚಾರ. 78ರ ಪ್ಲೇಟಿಗೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯದು) ಸ್ಪಿರಿಟ್ ತಾಗಿಸಲೇಬೇಡಿ. ಅದು ಅರಗಿನದ್ದು, ಸ್ಪಿರಿಟ್‌ನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹೊಡೆಯುವ ಆಚಾರಿಯನ್ನು ಕೇಳಿ ನೋಡಿ. ಡಿಸ್ಟಿಲ್ಡ್ ವಾಟರ್, ಎರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು. ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಣಗಿಸಿ. ನಡುವಿನ ಕಾಗದದ ಲೇಬಲ್ ಒದ್ದೆ ಆಗಬಾರದು. ಸೂಜಿಯೂ ಬೇರೆಯೇ ಬೇಕು: 78ಕ್ಕೆ ಸುಮಾರು 75 ಮೈಕ್ರಾನಿನದ್ದು, ಎಲ್‌ಪಿಗೆ 18ರ ಆಸುಪಾಸಿನದ್ದು. ಎಲ್‌ಪಿ ಸೂಜಿಯನ್ನು 78ರ ಮೇಲೆ ಇಟ್ಟರೆ ಗೆರೆಯ ತಳದ ಕಸ ಕೆರೆಯುತ್ತದೆ, ಹಾಡಿಗಿಂತ ಸರಸರ ಸದ್ದೇ ಜಾಸ್ತಿ.

ಕ್ಯಾಸೆಟ್‌ಗಳ ಶತ್ರು ನಮ್ಮ ಆಟಿ ತಿಂಗಳ ಮಳೆ. ಕ್ಯಾಸೆಟ್‌ನ ಪುಟ್ಟ ಕಿಟಕಿಯಲ್ಲಿ ಇಣುಕಿ ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಡೆಕ್ಕಿಗೆ ಹಾಕಿದರೆ ಟೇಪು ಓದುವ ಹೆಡ್ಡಿಗೂ ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು, ಮಾಸ್ಕ್ ಹಾಕಿ ಹೊರಗಡೆ ಒರೆಸಿ, ಟೇಪನ್ನು ಹೊಸ ಶೆಲ್ಲಿಗೆ (ಕ್ಯಾಸೆಟ್‌ನ ಹೊರಕವಚ) ದಾಟಿಸಿ. ಕ್ಯಾಸೆಟ್‌ನೊಳಗೆ ತಾಮ್ರದ ಪಟ್ಟಿಯ ಮೇಲಿನ ಪುಟ್ಟ ಫೆಲ್ಟ್ ಬಿದ್ದುಹೋಗಿದ್ದರೆ ಸದ್ದು ಬಂದು ಬಂದು ಹೋಗುತ್ತದೆ. ಆಮೇಲೆ ಹೆಡ್ಡಿನ ಓರೆ ಸರಿಮಾಡುವ ಪಕ್ಕದ ಸ್ಕ್ರೂ. ಎರಡೂ ಚಾನೆಲ್ ಕೂಡಿಸಿ ಮೊನೊದಲ್ಲಿ ಕೇಳುತ್ತಾ, ಚಕ್ರತಾಳ ಅತಿ ಸ್ಪಷ್ಟವಾಗುವವರೆಗೆ ಚೂರುಚೂರೇ ತಿರುಗಿಸಿ. ಕ್ಯಾಸೆಟ್ ಬದಲಾದ ಹಾಗೆ ಇದನ್ನೂ ಮತ್ತೆ ಹೊಂದಿಸಬೇಕು. ಕಂಪ್ಯೂಟರಿಗೆ ಇಳಿಸುವ ಫೈಲ್ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಇರಲಿ. ಎಂಪಿ3 ಆಮೇಲೆ ಮಾಡಿದರಾಯಿತು.

ವೇಗ ತಪ್ಪಿದ ಟೇಪುಗಳು ಲೆಕ್ಕವಿಲ್ಲದಷ್ಟು. ಮೂಲ ರೆಕಾರ್ಡಿಂಗಿನಲ್ಲಿ ಕರೆಂಟಿನ ಗುಂಯ್ ಸದ್ದು ಉಳಿದಿದ್ದರೆ ಅದು 50 ಹರ್ಟ್ಸ್‌ನಲ್ಲಿ ಇರಬೇಕು. 51.5ರಲ್ಲಿ ಕಂಡರೆ ಟೇಪು 3 ಶೇಕಡ ಬೇಗ ಓಡುತ್ತಿದೆ, ಶ್ರುತಿ ಸುಮಾರು ಅರ್ಧ ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಅರ್ಧ) ಏರಿದೆ ಎಂದರ್ಥ. ಆದರೆ ಅಂದಿನ ಕರೆಂಟೂ 50ರಲ್ಲಿ ಗಟ್ಟಿಯಾಗಿ ನಿಂತಿರಲಿಲ್ಲ, ನಿಮ್ಮ ಡೆಕ್ಕಿಗೇ ಅದರದ್ದೇ ಗುಂಯ್ ಇರುತ್ತದೆ. ಹಾಗಾಗಿ ಹಾರ್ಮೋನಿಯಂ ಇಟ್ಟು ಶ್ರುತಿ ನೋಡಿ. ಕಪ್ಪು ಮೂರಕ್ಕೂ ಬಿಳಿ ಐದಕ್ಕೂ ನಡುವೆ ತೂಗಾಡುತ್ತಿದ್ದರೆ ಭಾಗವತರದ್ದಲ್ಲ, ಮೋಟರಿನದ್ದೇ ತಪ್ಪು.

ಹೆಚ್ಚು ಹಾಳಾಗುವುದು "ಕ್ಲೀನ್" ಮಾಡುವಾಗ. ಟಕ್ ಟಕ್ ತೆಗೆಯುವ ಸಾಫ್ಟ್‌ವೇರಿಗೆ ಗೀರಿನ ಸದ್ದೂ ಚೆಂಡೆಯ ಪೆಟ್ಟೂ ಒಂದೇ. ಎರಡೂ ಹಠಾತ್ತನೆ ಎದ್ದು ಬೀಳುತ್ತವೆ. ಫಂಕ್‌ನ ಸ್ನೇರ್ ಡ್ರಮ್ಮಿಗೂ ಇದೇ ಗತಿ. ಸೂಕ್ಷ್ಮತೆ ಕಡಿಮೆ ಇಟ್ಟು, ಸಾಫ್ಟ್‌ವೇರ್ ತೆಗೆದುಹಾಕಿದ್ದನ್ನು ಮಾತ್ರ ಬೇರೆಯಾಗಿ ಕೇಳಿ. ಅದರಲ್ಲಿ ಚೆಂಡೆ ಕೇಳಿದರೆ ಅತಿಯಾಯಿತು. ಸ್ವಲ್ಪ ಹಿಸ್ಸು (ಟೇಪಿನ ಸುಸ್ ಎನ್ನುವ ಸದ್ದು) ಉಳಿದರೆ ಏನೂ ತೊಂದರೆ ಇಲ್ಲ. ಹಿಸ್ಸು ಪೂರ್ತಿ ತೆಗೆದ ಹಾಡು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಹಕ್ಕಿನ ವಿಷಯ ಚಿಕ್ಕದಾದರೂ ಎಲ್ಲರೂ ಎಡವುವುದು ಇಲ್ಲೇ. ಧ್ವನಿಮುದ್ರಿಕೆಗೆ ಹೊರಬಂದ ವರ್ಷದ ನಂತರ 60 ವರ್ಷ. 1965ರ ಪ್ಲೇಟಿನ ಅವಧಿ 2025ರ ಡಿಸೆಂಬರ್ 31ರವರೆಗೆ. ಆದರೆ ಹಾಡು, ರಾಗಸಂಯೋಜನೆಗೆ ಬರೆದವರು ತೀರಿಕೊಂಡ ನಂತರ 60 ವರ್ಷ. ಕೊಂಕಣಿ ಹಾಡುಗಾರ ವಿಲ್ಫಿ ರೆಬಿಂಬಸ್ ತೀರಿಕೊಂಡದ್ದು 2010ರಲ್ಲಿ. ಅವರ ಹಾಡುಗಳಿಗೆ 2070 ಮುಗಿಯುವ ತನಕ ಮನೆಯವರ ಅಥವಾ ಹಕ್ಕು ಪಡೆದವರ ಒಪ್ಪಿಗೆ ಬೇಕು. ಪ್ಲೇಟು ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಾಡು ನಿಮ್ಮದಾಗುವುದಿಲ್ಲ.

ವಿನೈಲ್ ಮಾಡಿಸುವವರಿಗೆ ಒಂದು ಮಾತು: 33ರ ವೇಗದಲ್ಲಿ ಒಂದು ಬದಿಗೆ 20 ನಿಮಿಷ ಆರಾಮ. ಅರುವತ್ತು ನಿಮಿಷದ ಪ್ರಸಂಗದ ಕ್ಯಾಸೆಟನ್ನು ಒಂದೇ ಎಲ್‌ಪಿಯಲ್ಲಿ ತುರುಕಿದರೆ ಗೆರೆ ಒತ್ತೊತ್ತಾಗಿ ಸದ್ದು ಬಡವಾಗುತ್ತದೆ. ಎರಡು ಪ್ಲೇಟು ಮಾಡಿಸಿ, ಇಲ್ಲವೇ ಸಿಡಿಗೆ ಹೋಗಿ. ಉಳಿದ ದುಡ್ಡನ್ನು ಕವರಿನ ಒಳಗಿನ ಪುಸ್ತಿಕೆಗೆ ಹಾಕಿ. ಚರ್ಚಿನ ಬ್ಯಾಂಡ್‌ನ ಹಿರಿಯರನ್ನೂ ಮೇಳದ ಹಿಮ್ಮೇಳದವರನ್ನೂ ಕೇಳಿ, ಟ್ರಂಪೆಟ್ ಯಾರು, ಮದ್ದಳೆ ಯಾರು ಎಂದು ಹೆಸರು ಹಿಡಿದು ಮುದ್ರಿಸಿ. ಸಿಗದಿದ್ದರೆ "ಗಿಟಾರ್: ಗೊತ್ತಾಗಿಲ್ಲ" ಎಂದೇ ಹಾಕಿ, ಕೆಳಗೊಂದು ಫೋನ್ ನಂಬರ್ ಕೊಡಿ. ಯಾರದಾದರೂ ಮನೆಯಿಂದ ಕರೆ ಬಂದೀತು.