ಮೈತುಂಬ ಗುಳ್ಳೆ ಇದ್ದರೆ ಅದು ಅಂಟುರೋಗವೇ?

ಮೈತುಂಬ ಗುಳ್ಳೆ, ಗಾಯ ಇರುವ ಮಗುವಿನ ಫೋಟೋ. ಜೊತೆಗೆ, ಮುಟ್ಟಿದರೆ ಅಂಟುತ್ತೆ, ದೂರ ಇರಿ ಅನ್ನುವ ಎಚ್ಚರಿಕೆ. ಇಂಥ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ಕಳಿಸುವವರದು ತಮ್ಮ ಮಕ್ಕಳ ಮೇಲಿನ ಕಾಳಜಿ.

ಆದರೆ ಎಪಿಡರ್ಮೊಲೈಸಿಸ್ ಬುಲೋಸಾ ಎಂಬ ಅಪರೂಪದ ಕಾಯಿಲೆಯ ಮಟ್ಟಿಗೆ ಈ ಮಾತು ತಪ್ಪು. ಅದು ಅಂಟುವುದಿಲ್ಲ, ಹುಟ್ಟಿನಿಂದಲೇ ಇರುವ ಜೀನ್ ದೋಷದಿಂದ ಬರುತ್ತದೆ. ಇದರ ಒಂದು ತೀವ್ರ ಬಗೆಯಲ್ಲಿ, ಚರ್ಮದ ಪದರಗಳನ್ನು ಹಿಡಿದಿಡುವ ಕೊಲಾಜನ್ 7 ಎಂಬ ಪ್ರೋಟೀನ್ ಸರಿಯಾಗಿ ತಯಾರಾಗುವುದಿಲ್ಲ. ಅಂಗಿಯ ಹೊಲಿಗೆ ಉಜ್ಜಿದರೂ ಚರ್ಮ ಕಿತ್ತು ಬರುತ್ತದೆ. ನಿಜಕ್ಕೂ ಅಪಾಯ ಇರುವುದು ಆ ಮಗುವಿಗೇ. ನಮ್ಮ ಕೈಯಿಂದ ಅದರ ಗಾಯಕ್ಕೆ ಸೋಂಕು ತಗಲಬಹುದು.

ಕಾರಣ ಜೀನ್ ಎಂಬುದಕ್ಕೆ 2022ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಈ ಬಗೆಯ ಕಾಯಿಲೆ ಇದ್ದ 31 ರೋಗಿಗಳಲ್ಲಿ ಪ್ರತಿಯೊಬ್ಬರ ಒಂದು ಗಾಯಕ್ಕೆ ಸರಿಯಾದ ಜೀನ್ ಬೆರೆಸಿದ ಜೆಲ್, ಅಂಥದೇ ಇನ್ನೊಂದಕ್ಕೆ ಮದ್ದಿಲ್ಲದ ಜೆಲ್, ವಾರಕ್ಕೊಮ್ಮೆ. ಆರು ತಿಂಗಳಿಗೆ ಮದ್ದು ಹಚ್ಚಿದ ಗಾಯಗಳಲ್ಲಿ ಶೇ 67ರಷ್ಟು ಪೂರ್ತಿ ಮುಚ್ಚಿದ್ದವು. ಇನ್ನೊಂದು ಕಡೆ ಶೇ 22 ಮಾತ್ರ. ಕೊರತೆ ಇದ್ದದ್ದು ಜೀನ್‌ನಲ್ಲೇ ಅಲ್ವಾ? ಹಾಗಂತ ಒಮ್ಮೆ ಹಚ್ಚಿದರೆ ಕಾಯಿಲೆ ಬುಡಸಮೇತ ಹೋಗುವುದಿಲ್ಲ. ಹೊಸ ಗಾಯ ಆದರೆ ಮತ್ತೆ ಹಚ್ಚಬೇಕು.

ಮೆಸೇಜ್‌ನಲ್ಲಿ ಕಾಯಿಲೆಯ ಹೆಸರೇ ಇಲ್ಲದಿದ್ದರೆ ಅಲ್ಲೇ ಅನುಮಾನ ಬರಬೇಕು. ಆ ಫೋಟೋ ಮೊದಲು ಎಲ್ಲಿ ಬಂದಿತ್ತು ಅಂತ ಇಮೇಜ್ ಸರ್ಚ್ ಮಾಡಿ. ಹೆಸರು ಸಿಕ್ಕರೆ, ಆಸ್ಪತ್ರೆ ಅಥವಾ ಆರೋಗ್ಯ ಇಲಾಖೆಯ ಪುಟದಲ್ಲಿ ಕಾರಣ ಏನಿದೆ ಓದಿ: ವೈರಸ್ಸೋ, ಬ್ಯಾಕ್ಟೀರಿಯಾವೋ, ಜೀನೋ? ಗೊತ್ತಾಗದಿದ್ದರೆ ಚರ್ಮದ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಮುಂದಕ್ಕೆ ಕಳಿಸಬೇಡಿ.